ಓದುಗರ ಪ್ರಶ್ನೆ: ಊರಿನ ಹೆಸರೇ ಕಳೆದುಹೋದವರ ಬೇರು

ಕಳೆದ ಸಂಚಿಕೆಯಲ್ಲಿ ಅಮೆರಿಕದ ಕಪ್ಪು ಜನರ ಚರಿತ್ರೆಯ ಮಾಸಾಚರಣೆಯ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಪ್ರಕಟವಾಗಿತ್ತು. ಇತಿಹಾಸಕಾರ ಕಾರ್ಟರ್ ವುಡ್‌ಸನ್ 1926ರಲ್ಲಿ ಒಂದು ವಾರದ ಮಟ್ಟಿಗೆ ಆರಂಭಿಸಿದ ಆಚರಣೆ 1976ರಿಂದ ಇಡೀ ಫೆಬ್ರವರಿ ತಿಂಗಳನ್ನು ವ್ಯಾಪಿಸಿತು ಎಂಬಷ್ಟೇ ಅದರ ಸಾರ. ಅದನ್ನು ಓದಿ ಶಿವಮೊಗ್ಗ ಜಿಲ್ಲೆಯ ಓದುಗರು ಬರೆದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ಹತ್ತು ತಲೆಮಾರು ಬಾಳಿದವರು ಇಂದಿಗೂ ತಮ್ಮನ್ನು ಆಫ್ರಿಕಾದ ಹೆಸರಿನಿಂದ ಗುರುತಿಸಿಕೊಳ್ಳುವುದೇಕೆ? ನಮ್ಮ ಕಡೆಯಿಂದ ಮುಂಬಯಿಗೆ ಹೋಟೆಲು ಕೆಲಸಕ್ಕೆ ಹೋದವರ ಮೊಮ್ಮಕ್ಕಳು ಮುಂಬಯಿಯವರೇ ಆಗಿಬಿಟ್ಟಿದ್ದಾರೆ. ಹಳೆಯದನ್ನೇ ಹಿಡಿದು ಕೂತರೆ ಅವರಿಗೇ ನಷ್ಟವಲ್ಲವೇ?
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: ಮುಂಬಯಿಯ ಆ ಮೊಮ್ಮಗನನ್ನು ಕರೆದು ಅವನ ಅಜ್ಜನ ಊರು ಯಾವುದು, ಮನೆದೇವರು ಯಾವುದು ಎಂದು ಕೇಳಿದರೆ ಅವನು ಹೇಳಬಲ್ಲ, ತನಗೆ ಗೊತ್ತಿಲ್ಲದಿದ್ದರೆ ಫೋನು ಮಾಡಿ ಕೇಳಲು ಅವನಿಗೊಬ್ಬ ದೊಡ್ಡಪ್ಪನೋ ಸೋದರತ್ತೆಯೋ ಇರುತ್ತಾರೆ. ತಿಳಿದದ್ದನ್ನು ಮರೆಯುವ ಸ್ವಾತಂತ್ರ್ಯ ಅವನಿಗಿದೆ. ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿಗೆ ಇಲ್ಲದೆ ಹೋದದ್ದು ಈ ಸ್ವಾತಂತ್ರ್ಯವೇ. ಅವರು ಮರೆತವರಲ್ಲ, ಅವರಿಂದ ನೆನಪನ್ನು ಕಿತ್ತುಕೊಳ್ಳಲಾಯಿತು.

ಅಂಕಿಗಳನ್ನು ಒಮ್ಮೆ ಗಮನಿಸಿ. 16ನೆಯ ಶತಮಾನದಿಂದ 19ನೆಯ ಶತಮಾನದವರೆಗೆ ಆಫ್ರಿಕಾದ ಕರಾವಳಿಯಲ್ಲಿ ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ತುಂಬಲಾದವರು ಸುಮಾರು 1.25 ಕೋಟಿ ಜನ. ಜೀವಸಹಿತ ಆಚೆ ದಡ ಸೇರಿದವರು ಸುಮಾರು 1.07 ಕೋಟಿ. ಇವರಲ್ಲಿ ಬ್ರೆಜಿಲ್ ಒಂದಕ್ಕೇ ಹೋದವರು 48 ಲಕ್ಷದಷ್ಟಿದ್ದರೆ, ಇಂದಿನ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ನೇರವಾಗಿ ತರಲ್ಪಟ್ಟವರು 4 ಲಕ್ಷಕ್ಕಿಂತ ಕಡಿಮೆ. ಹಡಗಿನ ಲೆಕ್ಕಪುಸ್ತಕದಲ್ಲಿ ಅವರಿಗೆ ಹೆಸರಿರಲಿಲ್ಲ. ಒಂದೇ ಭಾಷೆಯವರು ಒಂದೇ ಕಡೆ ಉಳಿಯುವುದಕ್ಕೆ ಬಹುಪಾಲು ಕಡೆ ಅವಕಾಶವಿರಲಿಲ್ಲ, ಮಾಲೀಕನ ಮನಸ್ಸಿಗೆ ಬಂದ ಹೆಸರೇ ಹೆಸರಾಯಿತು, ತಾಯಿಯಿಂದ ಮಗುವನ್ನು ಬೇರ್ಪಡಿಸಿ ಮಾರಲಾಯಿತು. 1850 ಮತ್ತು 1860ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆಂದೇ ಪ್ರತ್ಯೇಕ ಪಟ್ಟಿಗಳಿದ್ದವು. ಅವುಗಳ ಒಂದು ಪುಟದಲ್ಲಿ ಮೊದಲು ಮಾಲೀಕನ ಪೂರ್ಣ ಹೆಸರು ಕಾಣುತ್ತದೆ. ಅದರ ಕೆಳಗೆ ಸಾಲಾಗಿ ವಯಸ್ಸು, ಗಂಡೋ ಹೆಣ್ಣೋ, ಬಣ್ಣ ಎಂಬ ವಿವರಗಳು ಮಾತ್ರ. ಇಪ್ಪತ್ತೈದು, ಹೆಣ್ಣು, ಕಪ್ಪು. ಮೂರು, ಗಂಡು, ಕಪ್ಪು. ಆ ಹೆಣ್ಣು ಆ ಮಗುವಿನ ತಾಯಿಯೇ ಎಂಬುದು ಕೂಡ ಆ ಪುಟದಿಂದ ತಿಳಿಯದು. 1865ರಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡ ಮೇಲೆ, 1870ರ ಗಣತಿಯಲ್ಲಿ ಈ ಜನರೆಲ್ಲರ ಹೆಸರುಗಳು ಮೊದಲ ಬಾರಿಗೆ ಕಾಣಿಸಿಕೊಳ್ಳುತ್ತವೆ. ಇಂದು ವಂಶವೃಕ್ಷ ಹುಡುಕುವ ಕಪ್ಪು ಕುಟುಂಬಗಳಲ್ಲಿ ಹೆಚ್ಚಿನವು ಹಿಂದೆ ಹಿಂದೆ ಹೋಗಿ ಆ ವರ್ಷದಲ್ಲಿ ಗೋಡೆಗೆ ಹಣೆ ತಾಗಿದಂತೆ ನಿಂತುಬಿಡುತ್ತವೆ.

ಮಲೆನಾಡಿನವರಾದ ತಮಗೆ ಮುಳುಗಡೆಯವರ ಮನೆಮಾತು ಗೊತ್ತಿರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆಯ ಊರುಗಳು ನೀರಿನಡಿಗೆ ಸೇರಿದವು. ಆ ಕುಟುಂಬಗಳ ಹಿರಿಯರು ಇವತ್ತಿಗೂ ತಮ್ಮ ಗದ್ದೆ ಎಲ್ಲಿತ್ತು, ಗುಡಿ ಎಲ್ಲಿತ್ತು ಎಂದು ಬೆರಳು ತೋರಿಸಿ ಹೇಳುತ್ತಾರೆ. ಹಿನ್ನೀರು ತೀರ ಇಳಿದ ವರ್ಷ ಹಳೆಯ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತಿದಾಗ ಹೋಗಿ ನೋಡಿ ಬರುತ್ತಾರೆ. ಊರು ಹೋದರೂ ಊರಿನ ಹೆಸರು ಅವರ ಬಾಯಲ್ಲಿದೆ. ಆ ಹೆಸರನ್ನೂ ಆಡಬಾರದೆಂದು ಯಾರಾದರೂ ಕಟ್ಟುಮಾಡಿ, ಮಕ್ಕಳಿಗೆ ಬೇರೆಯವರ ಮನೆತನದ ಹೆಸರಿಟ್ಟು, ಮುನ್ನೂರು ವರ್ಷ ಕಳೆದಿದ್ದರೆ ಉಳಿಯುತ್ತಿದ್ದದ್ದೇನು? ಒಂದು ದಿಕ್ಕು ಮಾತ್ರ. ಕಪ್ಪು ಅಮೆರಿಕನ್ನರ ಪಾಲಿಗೆ ಆಫ್ರಿಕಾ ಎಂಬುದು ಅಂಥ ಒಂದು ದಿಕ್ಕಿನ ಹೆಸರು. ನಿರ್ದಿಷ್ಟ ಹಳ್ಳಿ ತಿಳಿಯದ ಕಾರಣಕ್ಕೇ ಇಡೀ ಖಂಡದ ಹೆಸರನ್ನು ಅವರು ಹೊತ್ತಿದ್ದಾರೆ. ಮಾಲ್ಕಮ್ ಲಿಟಲ್ ಎಂಬ ಯುವಕ ತನ್ನ ಮನೆತನದ ಹೆಸರನ್ನು ತೆಗೆದುಹಾಕಿ ಅಲ್ಲಿ 'ಎಕ್ಸ್' ಎಂಬ ಒಂದಕ್ಷರ ಇಟ್ಟುಕೊಂಡದ್ದು ಈ ಕಾರಣಕ್ಕೇ: ಅದು ತಿಳಿಯದೆ ಹೋದ ಪೂರ್ವಿಕರ ಹೆಸರಿನ ಜಾಗ.

ಹಳೆಯದನ್ನು ಹಿಡಿದು ಕೂರುವುದು ನಷ್ಟವಲ್ಲವೇ ಎಂಬ ತಮ್ಮ ಮಾತಿನಲ್ಲಿ ಕಾಳಜಿ ಇದೆ ಎಂದು ಬಲ್ಲೆ. ಆದರೆ ಮರೆತವರನ್ನು ಆ ಸಮಾಜ ಸೇರಿಸಿಕೊಂಡಿತೇ ಎಂಬುದನ್ನೂ ಕೇಳಬೇಕಾಗುತ್ತದೆ. 1903ರಲ್ಲೇ ಕಪ್ಪು ಅಮೆರಿಕನ್ ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಈ ಇಬ್ಬಂದಿಯನ್ನು ಇಮ್ಮಡಿ ಪ್ರಜ್ಞೆ ಎಂದು ಕರೆದಿದ್ದರು. ತನ್ನನ್ನು ತಾನು ಯಾವಾಗಲೂ ಇನ್ನೊಬ್ಬರ ಕಣ್ಣಿನಿಂದ ನೋಡಿಕೊಳ್ಳಬೇಕಾಗಿ ಬರುವ ಸ್ಥಿತಿ ಅದು. ನಿನಗೆ ಚರಿತ್ರೆಯೇ ಇಲ್ಲ, ನಿನ್ನದು ಹಡಗಿನಿಂದ ಆರಂಭವಾದ ಬದುಕು ಎಂದು ಹೇಳಿಸಿಕೊಂಡವರು ಹಡಗಿನ ಹಿಂದೆಯೂ ಒಂದು ಲೋಕವಿತ್ತೆಂದು ತೋರಿಸುವುದು ಹಟವಲ್ಲ. ತಲೆಯೆತ್ತಿ ನಿಲ್ಲಲು ಅವರಿಗೆ ಬೇಕಾದ ನೆಲ ಅದು.

ಪ್ರಶ್ನೆ: ನೀಗ್ರೋ, ಕಪ್ಪು ಜನ, ಆಫ್ರಿಕನ್ ಅಮೆರಿಕನ್ – ಇವುಗಳಲ್ಲಿ ಯಾವುದು ಸರಿ?
– ಪದವಿ ವಿದ್ಯಾರ್ಥಿ, ಸೊರಬ

ಉತ್ತರ: ನೀಗ್ರೋ ಎಂಬುದನ್ನು ಇಂದು ಬಳಸಬಾರದು, ಹಳೆಯ ಬರಹವನ್ನೋ ಸಂಸ್ಥೆಯ ಹೆಸರನ್ನೋ ಉಲ್ಲೇಖಿಸುವಾಗ ಮಾತ್ರ ಅದಕ್ಕೆ ಜಾಗವಿದೆ. ಒಂದು ಕಾಲಕ್ಕೆ ಡುಬಾಯ್ಸ್ ಅವರಂಥವರೂ ಆ ಪದವನ್ನು ಗೌರವದಿಂದಲೇ ಬಳಸುತ್ತಿದ್ದರು. ಬೈಗುಳದಂತಿದ್ದ 'ಕಪ್ಪು' ಎಂಬ ಪದವನ್ನು 1960ರ ದಶಕದ ಯುವಕರು ಹೆಮ್ಮೆಯ ಪದವಾಗಿ ತಿರುಗಿಸಿದರು. 1988ರ ಕೊನೆಯಲ್ಲಿ ಜೆಸ್ಸಿ ಜಾಕ್ಸನ್ ಮೊದಲಾದ ನಾಯಕರ ಒತ್ತಾಸೆಯಿಂದ 'ಆಫ್ರಿಕನ್ ಅಮೆರಿಕನ್' ವ್ಯಾಪಕವಾಗಿ ಬಳಕೆಗೆ ಬಂತು. ಜಮೈಕಾದಿಂದ ಅಥವಾ ನೈಜೀರಿಯಾದಿಂದ ಈಚೆಗೆ ಬಂದವರನ್ನೂ ಒಳಗೊಳ್ಳಬೇಕಾದಾಗ 'ಕಪ್ಪು ಜನ' ಎಂಬುದೇ ಹೆಚ್ಚು ಹೊಂದುತ್ತದೆ. ಒಂದು ಸಮುದಾಯ ತನ್ನನ್ನು ಈಗ ಏನೆಂದು ಕರೆದುಕೊಳ್ಳುತ್ತದೆಯೋ ಹಾಗೆಯೇ ಕರೆಯಿರಿ.

ಪ್ರಶ್ನೆ: ಅಮೆರಿಕದಲ್ಲಿ ಭತ್ತ ಬೆಳೆಯಲು ಕಲಿಸಿದವರು ಆಫ್ರಿಕಾದವರು ಎಂದು ಮಗ ಓದಿ ಹೇಳಿದ. ಹೌದೇ? ಗದ್ದೆ ಮಾಡುವವಳಾದ್ದರಿಂದ ತಿಳಿಯುವ ಆಸೆ.
– ರೈತ ಮಹಿಳೆ, ಹೊಸನಗರ

ಉತ್ತರ: ಅಮ್ಮಾ, ತಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು, ಪರಂಪರೆ ಎಂಬುದು ಪುಸ್ತಕಕ್ಕಿಂತ ಮೊದಲು ಕೈಯಲ್ಲಿ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಪಶ್ಚಿಮ ಆಫ್ರಿಕಾದಲ್ಲಿ ಸೆನೆಗಲ್‌ನಿಂದ ಸಿಯೆರಾ ಲಿಯೋನ್‌ವರೆಗಿನ ಪ್ರದೇಶದ ಜನರು ಏಷ್ಯಾದ ಭತ್ತ ಅಲ್ಲಿಗೆ ತಲುಪುವುದಕ್ಕೆ ಬಹಳ ಹಿಂದೆಯೇ ತಮ್ಮದೇ ಜಾತಿಯ ಭತ್ತವನ್ನು ಒಗ್ಗಿಸಿ ಬೆಳೆಯುತ್ತಿದ್ದರು. 18ನೆಯ ಶತಮಾನದಲ್ಲಿ ಸೌತ್ ಕೆರೊಲೈನಾ ಮತ್ತು ಜಾರ್ಜಿಯಾದ ಕರಾವಳಿಯ ತೋಟದೊಡೆಯರು ಭತ್ತದಿಂದ ಅಪಾರ ಹಣ ಮಾಡಿದರು. ಪಶ್ಚಿಮ ಆಫ್ರಿಕಾದ ಆ ಭತ್ತದ ಸೀಮೆಯಿಂದ ಬಂದ ಗುಲಾಮರಿಗೆ ಚಾರ್ಲ್ಸ್‌ಟನ್ ಬಂದರಿನಲ್ಲಿ ವಿಶೇಷ ಬೇಡಿಕೆ ಇತ್ತು. ಪತ್ರಿಕೆಯ ಜಾಹೀರಾತುಗಳಲ್ಲಿ 'ಭತ್ತ ಬೆಳೆಯುವ ಕರಾವಳಿಯವರು' ಎಂದೇ ಹೇಳಿ ಮಾರುತ್ತಿದ್ದರು. ಈ ಕೃಷಿಯಲ್ಲಿ ಆಫ್ರಿಕನ್ನರ ತಿಳಿವಳಿಕೆಯ ಪಾಲು ಎಷ್ಟು, ಯುರೋಪಿಯನ್ನರ ಯೋಜನೆಯ ಪಾಲು ಎಷ್ಟು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆ ನಡೆದಿದೆ. ಆದ್ದರಿಂದ 'ಅವರೇ ಎಲ್ಲವನ್ನೂ ಕಲಿಸಿದರು' ಎಂದು ನಾನು ಬರೆಯಲಾರೆ. ಕೆಲಸದ ರೀತಿಯನ್ನು ಕಂಡರೆ ಮಾತ್ರ ಅದರಲ್ಲಿ ಆಫ್ರಿಕಾದ ಕೈ ಸ್ಪಷ್ಟವಾಗಿ ಕಾಣುತ್ತದೆ. ಬಿತ್ತುವವರು ಬೀಜವನ್ನು ಹಿಮ್ಮಡಿಯಿಂದ ಒತ್ತಿ ಮಣ್ಣು ಮುಚ್ಚುತ್ತಿದ್ದರು. ಗದ್ದೆಗೆ ನೀರು ಬಿಡಲು ಮತ್ತು ತೆಗೆಯಲು ಮೊದಲಲ್ಲಿ ಟೊಳ್ಳು ಮಾಡಿದ ಮರದ ಕಾಂಡಕ್ಕೆ ಬಿರಡೆ ಹಾಕಿ ಬಳಸುತ್ತಿದ್ದರು, ನಮ್ಮ ಕೆರೆಯ ತೂಬಿನ ಹಾಗೆ. ಭತ್ತವನ್ನು ಮರದ ಒರಳಿನಲ್ಲಿ ಒನಕೆಯಿಂದ ಕುಟ್ಟಿ, ಅಗಲವಾದ ಹುಲ್ಲಿನ ತಟ್ಟೆಯಲ್ಲಿ ಕೇರುತ್ತಿದ್ದರು. ನಾವು ಬಿದಿರಿನಿಂದ ಹೆಣೆಯುವ ಗೆರಸಿಗೂ ಅದಕ್ಕೂ ಕೆಲಸ ಒಂದೇ. ಹೆಣಿಗೆ ಮಾತ್ರ ಬೇರೆ. ಹುಲ್ಲಿನ ಕಂತೆಯನ್ನು ಹಗ್ಗದಂತೆ ಸುತ್ತಿ, ಸುತ್ತಿನ ಮೇಲೆ ಸುತ್ತು ಕೂರಿಸಿ ತಾಳೆಗರಿಯ ಸೀಳಿನಿಂದ ಹೊಲಿಯುತ್ತಾರೆ. ಚಾರ್ಲ್ಸ್‌ಟನ್ ಸಮೀಪದ ಹೆದ್ದಾರಿಯ ಪಕ್ಕದಲ್ಲಿ ಇಂದಿಗೂ ಹೆಂಗಸರು ಕೂತು ಈ ಬುಟ್ಟಿಗಳನ್ನು ಹೆಣೆದು ಮಾರುತ್ತಾರೆ. ಸೆನೆಗಲ್ ಕಡೆಯ ಬುಟ್ಟಿಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಮನೆಯವು ಎನಿಸುತ್ತದೆ.

ಗಲ್ಲಾ ಅಥವಾ ಗೀಚೀ ಎಂದು ಕರೆಯಲ್ಪಡುವ ಈ ಜನರ ನಡುವೆ ಪರಂಪರೆ ಹೆಚ್ಚು ಉಳಿದದ್ದಕ್ಕೆ ಒಂದು ಕಾರಣ ಮಲೇರಿಯಾ. ಬೇಸಿಗೆಯಲ್ಲಿ ಜ್ವರಕ್ಕೆ ಹೆದರಿ ಒಡೆಯರು ಗದ್ದೆಯ ಬಯಲು ಬಿಟ್ಟು ಪಟ್ಟಣ ಸೇರುತ್ತಿದ್ದರು. ಆ ಕರಾವಳಿಯ ದ್ವೀಪಗಳಲ್ಲಿ ಉಳಿದ ಕಪ್ಪು ಜನರ ನಡುವೆ ಅವರದೇ ಭಾಷೆ ಬೆಳೆಯಿತು. ಭಾಷಾವಿಜ್ಞಾನಿ ಲೊರೆಂಜೊ ಟರ್ನರ್ 1930ರ ದಶಕದಲ್ಲಿ ಅಲ್ಲಿ ತಿರುಗಾಡಿ 1949ರಲ್ಲಿ ತಮ್ಮ ಅಧ್ಯಯನ ಪ್ರಕಟಿಸಿದರು. ಅದುವರೆಗೆ ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಳ್ಳಿಹಾಕಿದ್ದ ವಿದ್ವಾಂಸರಿಗೆ ಅವರು ಸಾವಿರಾರು ಆಫ್ರಿಕನ್ ಪದಗಳನ್ನು ತೋರಿಸಿಕೊಟ್ಟರು. ಅವುಗಳಲ್ಲಿ ಬಹುಪಾಲು ಮನೆಯಲ್ಲಿ ಕರೆಯುವ ಹೆಸರುಗಳು. ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಅಜ್ಜಿ ಕರೆಯುವುದು ಇನ್ನೊಂದು; ಆ ಎರಡನೆಯದರಲ್ಲಿ ಆಫ್ರಿಕಾ ಅಡಗಿ ಕೂತಿತ್ತು.

ಟರ್ನರ್ ಅವರಿಗೆ ಜಾರ್ಜಿಯಾದ ಅಮೀಲಿಯಾ ಡಾಲಿ ಎಂಬ ಹೆಣ್ಣುಮಗಳು ಐದು ಸಾಲಿನ ಒಂದು ಹಾಡನ್ನು ಹೇಳಿದ್ದರು. ಹಾಡುವವರಿಗೇ ಅದರ ಅರ್ಥ ತಿಳಿದಿರಲಿಲ್ಲ. ತಾಯಿಯಿಂದ ಮಗಳಿಗೆ ಮಕ್ಕಳ ಹಾಡಾಗಿ ಇಳಿದು ಬಂದಿತ್ತು. ಅದು ಸಿಯೆರಾ ಲಿಯೋನ್‌ನ ಮೆಂಡೆ ಭಾಷೆಯೆಂದು ಆ ದೇಶದ ವಿದ್ಯಾರ್ಥಿಯೊಬ್ಬ ಗುರುತಿಸಿದ. ಹಲವು ದಶಕಗಳ ನಂತರ ಸಂಶೋಧಕರು ಆ ಹಾಡನ್ನು ಹಿಡಿದು ಊರೂರು ಅಲೆದಾಗ, ಸೆನೆಹುನ್ ನ್ಗೋಲಾ ಎಂಬ ಹಳ್ಳಿಯಲ್ಲಿ ಒಬ್ಬಾಕೆ ಅದನ್ನು ಕೇಳಿದ ಕೂಡಲೇ ತಾನೂ ಹಾಡತೊಡಗಿದಳು. ಅಲ್ಲಿ ಅದು ಸತ್ತವರನ್ನು ಕಳುಹಿಸಿಕೊಡುವಾಗ ಹೆಂಗಸರು ಹಾಡುತ್ತಿದ್ದ ಹಾಡು. 1997ರಲ್ಲಿ ಅಮೀಲಿಯಾ ಅವರ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದರು. ಇಲ್ಲಿ ಮಗುವನ್ನು ಆಡಿಸಲು, ಅಲ್ಲಿ ಹಿರಿಯರನ್ನು ಬೀಳ್ಕೊಡಲು ಬಳಸಿದ ಒಂದೇ ಹಾಡು ಸಮುದ್ರದ ಎರಡೂ ದಡಗಳಲ್ಲಿ ಹೆಂಗಸರ ಬಾಯಲ್ಲಿ ಉಳಿದಿತ್ತು. ಕೋಟ್ಯಂತರ ಜನರಲ್ಲಿ ಒಂದು ಮನೆಗೆ ಹೀಗೆ ತನ್ನ ಊರು ಸಿಕ್ಕಿತು ಎಂಬುದನ್ನು ನೆನೆದರೆ ಸಂತೋಷದೊಡನೆ ಸಂಕಟವೂ ಆಗುತ್ತದೆ.

ತಮ್ಮ ಅಡುಗೆಮನೆಯಲ್ಲೂ ಆಫ್ರಿಕಾ ಇದೆ ಎಂದು ಸೇರಿಸಿದರೆ ವಿಷಯಾಂತರವಾಗದು. ರಾಗಿ ಮತ್ತು ಜೋಳ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದ ಧಾನ್ಯಗಳು. ಬಾಬಾಬುಡನ್‌ಗಿರಿಯ ಕಾಫಿ ಯೆಮೆನ್ ಮೂಲಕ ಬಂದಿತೆಂದು ನಾವು ಹೇಳುತ್ತೇವೆ. ಆ ಗಿಡದ ತವರು ಇಥಿಯೋಪಿಯಾ.

ಪ್ರಶ್ನೆ: ನನ್ನ ಅಮೆರಿಕದ ಸಹೋದ್ಯೋಗಿಯೊಬ್ಬರು ಡಿಎನ್‌ಎ ಪರೀಕ್ಷೆ ಮಾಡಿಸಿ ತಾವು ನೈಜೀರಿಯಾ ಮೂಲದವರು ಎಂದು ಕಂಡುಕೊಂಡರು, ಈಗ ಕ್ವಾಂಜಾ ಹಬ್ಬ ಆಚರಿಸುತ್ತಾರೆ, ಘಾನಾಕ್ಕೂ ಹೋಗಿ ಬಂದರು. ಇದರಲ್ಲಿ ನಿಜವೆಷ್ಟು, ಕಟ್ಟಿಕೊಂಡದ್ದೆಷ್ಟು?
– ಸಾಫ್ಟ್‌ವೇರ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಡಿಎನ್‌ಎ ಪರೀಕ್ಷೆ ಇಂದು ಬದುಕಿರುವ ಜನರ ಮಾದರಿಗಳೊಡನೆ ಹೋಲಿಸಿ ನೋಡುತ್ತದೆ, ನೈಜೀರಿಯಾ ಎಂಬ ಗಡಿ ಬ್ರಿಟಿಷರ ಕಾಲದ್ದು. ಹಡಗೇರಿದವರು ಯೊರುಬಾ, ಇಗ್ಬೊ, ಹೀಗೆ ನೂರು ಬಗೆಯ ಜನರಾಗಿದ್ದರು. ಆ ಉತ್ತರ ಒಂದು ದೊಡ್ಡ ಸೀಮೆಯನ್ನು ತೋರಿಸುತ್ತದೆಯೇ ಹೊರತು ಮನೆಯ ಬಾಗಿಲನ್ನಲ್ಲ. ಕ್ವಾಂಜಾವನ್ನು 1966ರಲ್ಲಿ ಮೌಲಾನಾ ಕರೆಂಗಾ ಎಂಬ ಅಮೆರಿಕನ್ನರು ರೂಪಿಸಿದರು. ಡಿಸೆಂಬರ್ 26ರಿಂದ ಜನವರಿ 1ರವರೆಗಿನ ಈ ಹಬ್ಬದ ಹೆಸರು ಸ್ವಾಹಿಲಿ ಭಾಷೆಯಲ್ಲಿ ಮೊದಲ ಫಸಲನ್ನು ಸೂಚಿಸುವ ಮಾತಿನಿಂದ ಬಂದದ್ದು. ಸ್ವಾಹಿಲಿ ಪೂರ್ವ ಆಫ್ರಿಕಾದ ಭಾಷೆ, ಕಪ್ಪು ಅಮೆರಿಕನ್ನರ ಪೂರ್ವಿಕರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ಮಧ್ಯ-ಪಶ್ಚಿಮ ಆಫ್ರಿಕಾದವರು ಎಂಬ ಆಕ್ಷೇಪ ಸರಿಯೇ. ಆದರೆ ಮನುಷ್ಯರು ತಿಳಿದೇ ಕಟ್ಟಿದ ಹಬ್ಬ ಎಂಬ ಕಾರಣಕ್ಕೆ ಅದನ್ನು ಸುಳ್ಳೆಂದು ತಳ್ಳಲು ನಾನು ಒಪ್ಪುವುದಿಲ್ಲ. 1956ರಲ್ಲಿ ಕನ್ನಡ ನಾಡು ಒಂದಾದ ಮೇಲೆ ನಾವು ನವೆಂಬರ್ 1ನ್ನು ಹಬ್ಬ ಮಾಡಿಕೊಂಡೆವು, 1973ರಲ್ಲಿ ನಾಡಿಗೆ ಕರ್ನಾಟಕ ಎಂಬ ಹೆಸರನ್ನೂ ಇಟ್ಟೆವು. ಅದು ನಮ್ಮ ಮನಸ್ಸಿನಲ್ಲಿ ಈಗ ಎಷ್ಟು ಆಳಕ್ಕೆ ಇಳಿದಿದೆ ಎಂದು ತಮಗೇ ಗೊತ್ತು.

ಘಾನಾದ ಪಯಣದ ಮಾತು ಬೇರೆ. ಅಲ್ಲಿನ ಎಲ್ಮಿನಾದಲ್ಲಿ ಪೋರ್ಚುಗೀಸರು 1482ರಲ್ಲಿ ಕಟ್ಟಿದ ಕೋಟೆಯಿದೆ. ಸಮೀಪದ ಕೇಪ್ ಕೋಸ್ಟ್‌ನಲ್ಲಿ ಇನ್ನೊಂದಿದೆ. ನೆಲಮಾಳಿಗೆಯ ಕತ್ತಲೆಯಿಂದ ಹಡಗಿನ ಕಡೆಗೆ ತೆರೆದುಕೊಳ್ಳುವ ಬಾಗಿಲನ್ನು 'ಮರಳಿ ಬಾರದ ಬಾಗಿಲು' ಎನ್ನುತ್ತಾರೆ. ವರ್ಜೀನಿಯಾಕ್ಕೆ ಮೊದಲ ಆಫ್ರಿಕನ್ನರನ್ನು ತಂದ 1619ಕ್ಕೆ 400 ವರ್ಷ ತುಂಬಿದಾಗ, 2019ನ್ನು ಘಾನಾ ಸರ್ಕಾರ ಮರಳಿ ಬರುವ ವರ್ಷವೆಂದು ಘೋಷಿಸಿ ಎಲ್ಲರನ್ನೂ ಕರೆಯಿತು. ಹೀಗೆ ಮನೆಗೆ ಬಂದೆವೆಂದು ಕಣ್ಣೀರಿಟ್ಟವರನ್ನು ಬೀದಿಯ ಮಕ್ಕಳು 'ಒಬ್ರುನಿ' ಎಂದು ಕೂಗುವುದುಂಟು. ಪರದೇಶದವರಿಗೆ, ಬಿಳಿಯರಿಗೆ ಬಳಸುವ ಪದ ಅದು. ಮಕ್ಕಳ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೂ ಆ ಒಂದು ಪದ ಎಷ್ಟೋ ಜನರನ್ನು ಅಲ್ಲೇ ಕುಸಿಯುವಂತೆ ಮಾಡಿದೆ. ತಮ್ಮ ಸಹೋದ್ಯೋಗಿ ಅಲ್ಲಿ ಏನು ಕಂಡರು ಎಂದು ಅವರನ್ನೇ ಕೇಳಿ ತಿಳಿಯಿರಿ.

ಪ್ರಶ್ನೆ: ನಮ್ಮ ದಲಿತ ಚಳವಳಿಗೂ ಕಪ್ಪು ಜನರ ಹೋರಾಟಕ್ಕೂ ಸಂಬಂಧವಿದೆಯೇ?
– ಕಾರ್ಮಿಕರು, ಭದ್ರಾವತಿ

ಉತ್ತರ: ಇದೆ, ಮತ್ತು ಅದಕ್ಕೆ ದಾಖಲೆಯೂ ಇದೆ. 1946ರಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದರು. ಅಸ್ಪೃಶ್ಯರ ಸ್ಥಿತಿಗೂ ನಿಮ್ಮವರ ಸ್ಥಿತಿಗೂ ಬಹಳ ಸಾಮ್ಯವಿದೆ ಎಂದರು. ಅದೇ ವರ್ಷದ ಜುಲೈ 31ರಂದು ಡುಬಾಯ್ಸ್ ಉತ್ತರಿಸಿ, ತಮಗೆ ಅಂಬೇಡ್ಕರರ ಹೆಸರು ಗೊತ್ತೆಂದೂ ಭಾರತದ ಅಸ್ಪೃಶ್ಯರ ಬಗ್ಗೆ ಸಂಪೂರ್ಣ ಸಹಾನುಭೂತಿ ಇದೆಯೆಂದೂ ತಿಳಿಸಿದರು. 1966ರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಹೆಸರಿನಿಂದ ಪ್ರೇರಣೆ ಪಡೆದು 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು. ಅದೇ ದಶಕದಲ್ಲಿ ತಮ್ಮ ಭದ್ರಾವತಿಯಲ್ಲೇ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪ ಅವರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಕಪ್ಪು ಜನರು ಕಳೆದುಹೋದ ಊರನ್ನು ಹುಡುಕಬೇಕಾಯಿತು. ದಲಿತರು ಕಣ್ಣೆದುರೇ ಇದ್ದ ಊರಿನೊಳಗೆ ಕಾಲಿಡಲು ಹೋರಾಡಬೇಕಾಯಿತು.

ಪ್ರಶ್ನೆ: ಯಲ್ಲಾಪುರ ಕಡೆಯ ಸಿದ್ದಿ ಸಮುದಾಯದ ಹುಡುಗಿಯೊಬ್ಬಳು ನಮ್ಮ ಶಾಲೆಯಲ್ಲಿ ಓದುತ್ತಿದ್ದಾಳೆ. ಬಸ್ ನಿಲ್ದಾಣದಲ್ಲಿ ಯಾರೋ ಇಂಗ್ಲಿಷಿನಲ್ಲಿ 'ಯಾವ ದೇಶ' ಎಂದು ಕೇಳಿದರೆಂದು ಅಳುತ್ತಾ ಬಂದಳು. ಅವಳಿಗೆ ಆಫ್ರಿಕಾದ ಪರಂಪರೆಯ ಬಗ್ಗೆ ಹೆಮ್ಮೆ ಮೂಡಿಸಲು ತರಗತಿಯಲ್ಲಿ ಒಂದು ಕಾರ್ಯಕ್ರಮ ಮಾಡಬೇಕೆಂದಿದ್ದೇನೆ. ಸರಿಯೇ?
– ಶಿಕ್ಷಕಿ, ಸಾಗರ

ಉತ್ತರ: ತಮ್ಮ ಅಂತಃಕರಣಕ್ಕೆ ನಮಸ್ಕಾರ. ಆದರೆ ಕಾರ್ಯಕ್ರಮ ಮಾಡುವ ಮೊದಲು ಒಂದು ಕ್ಷಣ ನಿಲ್ಲಿ. ಆ ಮಗುವಿನ ನೋವು ತಾನು ಆಫ್ರಿಕಾದವಳೆಂದು ತಿಳಿಯದ್ದರಿಂದ ಬಂದದ್ದಲ್ಲ. ತಾನು ಇಲ್ಲಿಯವಳೆಂದು ಇತರರು ತಿಳಿಯದ್ದರಿಂದ ಬಂದದ್ದು.

ಸಿದ್ದಿಗಳ ಪೂರ್ವಿಕರು ಬೇರೆ ಬೇರೆ ಕಾಲದಲ್ಲಿ ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳ ಮೂಲಕ ಬಂದವರು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯೂ ಅವರಲ್ಲಿದೆ. ಅವರ ಪೂರ್ವಿಕತೆಯ ಹೆಚ್ಚಿನ ಪಾಲು ಆಫ್ರಿಕಾದ ಬಾಂಟು ಜನರದ್ದೆಂದೂ ಉಳಿದದ್ದು ಬಹುಮಟ್ಟಿಗೆ ಭಾರತೀಯರದ್ದೆಂದೂ 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿತು. ಇವತ್ತು ಉತ್ತರ ಕನ್ನಡದಲ್ಲಿ ಅವರು ಕೊಂಕಣಿ, ಕನ್ನಡ ಆಡುತ್ತಾರೆ. ಹಿಂದೂ, ಮುಸ್ಲಿಂ, ಕ್ರೈಸ್ತ ಧರ್ಮಗಳಿಗೆ ಹಂಚಿಹೋಗಿದ್ದರೂ ಹಿರಿಯರ ಪೂಜೆಯಲ್ಲಿ, ಡಮಾಮಿ ಎಂಬ ಚರ್ಮವಾದ್ಯದ ಬಡಿತದಲ್ಲಿ ಒಂದಾಗುತ್ತಾರೆ. ದಖ್ಖನಿನ ಚರಿತ್ರೆಯಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಅಹಮದ್‌ನಗರದ ಆಡಳಿತವನ್ನೇ ಹಿಡಿದು ಮೊಗಲರನ್ನು ತಡೆದ ಮಲಿಕ್ ಅಂಬರ್ ಇದ್ದಾನೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ತಮ್ಮ ತಾಲ್ಲೂಕಿನದೇ ಒಂದು ಸಂಗತಿ ಇದೆ. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದವರು ಮಂಚಿಕೇರಿಯಲ್ಲಿ ಸಿದ್ದಿಗಳೊಡನೆ ಸೇರಿ, ನೈಜೀರಿಯಾದ ಚಿನುವಾ ಅಚಿಬೆ ಅವರ 1958ರ ಕಾದಂಬರಿಯನ್ನು ಕನ್ನಡದ ನಾಟಕವಾಗಿ ಆಡಿಸಿದರು. ಇಗ್ಬೊ ಹಳ್ಳಿಯೊಂದು ಒಡೆದುಹೋಗುವ ಆ ಕಥೆಯನ್ನು ಆಫ್ರಿಕಾದ ಮೊಮ್ಮಕ್ಕಳು ಕನ್ನಡದಲ್ಲಿ ಅಭಿನಯಿಸಿದರು. ಅಲ್ಲಿ ಅವರನ್ನು ಯಾರೂ ಪ್ರದರ್ಶನಕ್ಕೆ ಇಟ್ಟಿರಲಿಲ್ಲ, ಅವರು ನಟರಾಗಿದ್ದರು. ಇದೇ ದಶಕದ ಕೊನೆಯಲ್ಲಿ ಸರ್ಕಾರ ಸಿದ್ದಿ ಮಕ್ಕಳನ್ನು ಓಟಗಾರರನ್ನಾಗಿ ಮಾಡಲು ಕ್ರೀಡಾ ಯೋಜನೆಗೆ ಆರಿಸಿಕೊಂಡು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಮೈಕಟ್ಟನ್ನು ಮಾತ್ರ ನೋಡಿದ ಹೆಮ್ಮೆ ಎಷ್ಟು ದಿನ ಉಳಿದೀತು?

ಆದ್ದರಿಂದ ಆಕೆಯೊಬ್ಬಳನ್ನೇ ಎದ್ದು ನಿಲ್ಲಿಸಿ ಆಫ್ರಿಕಾದ ಪಾಠ ಮಾಡಬೇಡಿ. ಸಿದ್ದಿ ಹೆಂಗಸರು ಹಳೆಯ ಸೀರೆಯ ತುಂಡುಗಳಿಂದ ಹೊಲಿಯುವ ಕೌದಿಯನ್ನು ತಾವು ಕಂಡಿರಬಹುದು. ಅಂಚಿನಿಂದ ಒಳಕ್ಕೆ ಸುತ್ತಿ ಸುತ್ತಿ ಹೊಲಿದು, ಕೊನೆಗೆ ನಾಲ್ಕು ಮೂಲೆಗಳಿಗೂ ಬಟ್ಟೆಯ ಪುಟ್ಟ ಹೂವು ಮಡಚಿ ಕೂರಿಸುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಮುಂದಿನ ಶನಿವಾರ ತರಗತಿಯ ಎಲ್ಲ ಮಕ್ಕಳಿಗೂ ಅವರವರ ಮನೆಯ ಹಳೆಯ ಹೊದಿಕೆಯೊಂದನ್ನು ತರಲು ಹೇಳಿ, ಅದನ್ನು ಹೊಲಿದವರು ಯಾರು, ಅವರು ಎಲ್ಲಿಂದ ಬಂದವರು ಎಂದು ಮನೆಯಲ್ಲಿ ಕೇಳಿಕೊಂಡು ಬರಲಿ. ಮುಳುಗಡೆಯವರ ಮಗುವಿಗೂ, ಘಟ್ಟದ ಕೆಳಗಿನಿಂದ ಬಂದವರ ಮಗುವಿಗೂ ಹೇಳುವುದಿರುತ್ತದೆ. ಆ ಹುಡುಗಿಯ ಸರದಿ ಹೆಸರಿನ ಪಟ್ಟಿಯಲ್ಲಿ ಎಲ್ಲಿ ಬರುತ್ತದೆಯೋ ಅಲ್ಲೇ ಬರಲಿ. ಅಜ್ಜಿಯ ಕೌದಿ ಬಿಡಿಸಿ ಎಷ್ಟು ಹೇಳಬೇಕೆನ್ನಿಸುತ್ತದೆಯೋ ಅಷ್ಟು ಹೇಳಲಿ.